ಗೋಷ್ಠಿಯ ವೇದಿಕೆ: ಸ್ತ್ರೀಸಂಖ್ಯೆಯೂ ಅಭಿಪ್ರಾಯಭೇದವೂ

1945ರಲ್ಲಿ ಈ ಮದರಾಸಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದಾಗ ಅಧ್ಯಕ್ಷರಾಗಿದ್ದವರು ಟಿ. ಪಿ. ಕೈಲಾಸಂ. ಪಂಡಿತರ ಕನ್ನಡವನ್ನು ಬದಿಗಿಟ್ಟು, ಇಂಗ್ಲಿಷು ಬೆರೆತ ಮನೆಮಾತನ್ನು ರಂಗಕ್ಕೆ ತಂದವರು ಅವರು. ಬೇಂದ್ರೆ, ಕಾರಂತ, ಅಡಿಗ ಇವರೂ ಆ ಪೀಠವನ್ನು ಏರಿದವರೇ. ಒಬ್ಬರ ದಾರಿ ಮತ್ತೊಬ್ಬರದಲ್ಲ. ಆದುದರಿಂದ ನಮ್ಮ ಸಮ್ಮೇಳನಗಳಲ್ಲಿ ಅಭಿಪ್ರಾಯಭೇದಕ್ಕೆ ಎಡೆಯೇ ಇರಲಿಲ್ಲವೆನ್ನಲಾಗದು. ಆದರೂ 1915ರಲ್ಲಿ ಮೊದಲಾದ ಈ ಪರಂಪರೆಯಲ್ಲಿ ಸ್ತ್ರೀಯೊಬ್ಬರು ಅಧ್ಯಕ್ಷರಾಗಲು 1974 ಬರಬೇಕಾಯಿತು. 2024ರಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಮ್ಮೇಳನದವರೆಗೆ ಅಂಥವರು ನಾಲ್ವರೇ: ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ.

ಗೋಷ್ಠಿಗಳನ್ನು ಏರ್ಪಡಿಸುವವರಲ್ಲಿ ಒಂದು ವಾದವುಂಟು. ಬೇಕಾದುದು ವಿಚಾರಗಳ ವೈವಿಧ್ಯ. ಸ್ತ್ರೀಯರೆಷ್ಟು, ಪುರುಷರೆಷ್ಟು ಎಂಬ ಎಣಿಕೆಯಿಂದ ವಿಚಾರವೇನೂ ಬೆಳೆಯದು ಎಂದು. ಇದು ಹುರುಳಿಲ್ಲದ ಮಾತಲ್ಲ. ಒಂದೇ ಕಾಲೇಜಿನಲ್ಲಿ ಓದಿ ಒಂದೇ ಬಡಾವಣೆಯಲ್ಲಿ ವಾಸಿಸುವ ಇಬ್ಬರು ಪುರುಷರು, ಇಬ್ಬರು ಸ್ತ್ರೀಯರು ಕುಳಿತರೆ ಎಣಿಕೆ ಸರಿಹೋದೀತು. ಕೇಳಿಬರುವ ಮಾತು ಮಾತ್ರ ಒಂದೇ.

ಆದರೆ ವೈವಿಧ್ಯ ಸಾಕಷ್ಟಿದೆಯೆಂದು ತೀರ್ಮಾನಿಸುವವರಾರು? ಭಾಷಣಕಾರರನ್ನು ಆರಿಸುವವರೇ ಅಲ್ಲವೆ? ತಮ್ಮ ಕಿವಿಗೆ ಎಂದೂ ಬೀಳದ ವಿಚಾರದ ಕೊರತೆ ಅವರಿಗೆ ಕಾಣುವುದು ಕಷ್ಟ. 1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂಬ ಕೋರಿಕೆ ನಡೆಯಲಿಲ್ಲ. ಸಾಹಿತ್ಯದಲ್ಲಿ ಅಂತಹ ವಿಭಾಗ ಸಲ್ಲದೆಂಬುದು ನಿರಾಕರಣೆಗೆ ಆಧಾರವಾಗಿತ್ತು. ಅದೇ ವರ್ಷದ ಮಾರ್ಚಿ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನೆರೆಯಿತು. ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದುದೂ ಆ ವರ್ಷವೇ. ಸ್ತ್ರೀಯರ ಎಣಿಕೆಯನ್ನಾದರೋ ಕೊನೆಯ ಸಾಲಿನ ಸಭಿಕನೂ ಮಾಡಬಲ್ಲನು. ಅದರ ಬೆಲೆಯಿರುವುದು ಇಲ್ಲಿಯೇ.

ಮತ್ತೆ, ಇವೆರಡೂ ಯಾವಾಗಲೂ ಬೇರೆಬೇರೆಯಲ್ಲ. ಜಯದೇವಿತಾಯಿಯವರು ಸೊಲ್ಲಾಪುರದವರು, ಶಾಲೆಯಲ್ಲಿ ಕಲಿತದ್ದು ಮರಾಠಿ, ತ್ರಿಪದಿಯಲ್ಲಿ ಪುರಾಣ ಬರೆದದ್ದು ಕನ್ನಡದಲ್ಲಿ. ಅವರೊಡನೆ ಪೀಠಕ್ಕೆ ಬಂದುದು ಸ್ತ್ರೀತ್ವವೊಂದೇ ಅಲ್ಲ, ನಾಡಿನ ಹೊರಗುಳಿದ ಗಡಿಯ ಅನುಭವವೂ ಹೌದು. 2025ರಲ್ಲಿ 88ನೆಯ ಸಮ್ಮೇಳನಕ್ಕೆ ಆಯ್ಕೆಯಾದ ಬಾನು ಮುಷ್ತಾಕ್ ಅವರು ಬಂಡಾಯದ ಗರಡಿಯಲ್ಲಿಯೇ ಬೆಳೆದವರು. ಅವರನ್ನು ಯಾವ ಲೆಕ್ಕಕ್ಕೆ ಹಾಕೋಣ? ನಮ್ಮ ದುರಭ್ಯಾಸವೆಂದರೆ ಇಂಥವರನ್ನು ಕರೆದು ‘ಮಹಿಳಾ ಗೋಷ್ಠಿ’ಯಲ್ಲಿ ಕೂರಿಸುವುದು. ಛಂದಸ್ಸು, ಶಾಸನ, ಗಡಿಯ ಪ್ರಶ್ನೆಗಳ ಗೋಷ್ಠಿಗಳು ಎಂದಿನಂತೆ ಪುರುಷರ ಪಾಲಿಗೆ.

ಹೊರನಾಡಿನ ಸಂಘಗಳಲ್ಲಿ ಗೋಷ್ಠಿಗೆ ದೊರೆಯುವ ಕುರ್ಚಿಗಳು ನಾಲ್ಕೋ ಐದೋ. ಅಧ್ಯಾಪಕರು, ಬ್ಯಾಂಕಿನ ನಿವೃತ್ತ ಅಧಿಕಾರಿಗಳು, ನಮ್ಮಂತಹ ಲೇಖಕರು ಇಷ್ಟರಲ್ಲಿಯೇ ಅವು ತುಂಬುತ್ತವೆ. ತಮಿಳುನಾಡಿನ ಕನ್ನಡ ಶಾಲೆಗಳ ವಿಷಯ ಬಂದಾಗ ತಾಳವಾಡಿಯ ಅಥವಾ ಹೊಸೂರಿನ ಉಪಾಧ್ಯಾಯಿನಿಯೊಬ್ಬರನ್ನು ಕರೆಯುವುದು ಅಸಾಧ್ಯವೇನಲ್ಲ. ಬಸ್ಸು ರೈಲುಗಳ ಖರ್ಚು ಕೊಡಬೇಕಾಗುತ್ತದೆ. ನಮ್ಮಲ್ಲೊಬ್ಬರು ಕುರ್ಚಿ ಬಿಟ್ಟು ಕೆಳಗೆ ಕುಳಿತು ಕೇಳಬೇಕಾಗುತ್ತದೆ.