ಪರದೆ ಬಂತು, ಪಟ್ಟಿ ಎಲ್ಲಿ?

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆಯ ನೀರಿನಿಂದ ಕರೆಂಟು ತೆಗೆದು ನೂಲಿನ ಗಿರಣಿಗೆ ಕೊಟ್ಟಿದ್ದು 1887ರ ಹೊತ್ತಿಗೆ. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಹೊತ್ತಿದ್ದು ಅದಾದ ಹದಿನೆಂಟು ವರ್ಷಕ್ಕೆ, 1905ರಲ್ಲಿ. ಪಕ್ಕದ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ತಾನೇ ಊರೂರಿಗೆ ಕರೆಂಟು ಹಂಚುತ್ತದೆ. ರಾಜ್ಯದಲ್ಲಿ ಅಂಥದ್ದು ಇನ್ನೊಂದಿಲ್ಲ. ಯಂತ್ರವನ್ನು ತನ್ನ ಕೆಲಸಕ್ಕೆ ಹಚ್ಚಿಕೊಳ್ಳುವುದು ಈ ಸೀಮೆಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಆದರೂ ಶಾಲೆಯ ವಿಷಯ ಬಂದಾಗ ಗೋಕಾಕ, ಅದರಿಂದ ಒಡೆದು ಈಚೆಗೆ ತಾಲ್ಲೂಕಾದ ಮೂಡಲಗಿ ಮತ್ತು ಹುಕ್ಕೇರಿಯಲ್ಲೂ ರಾಜ್ಯದ ಉಳಿದೆಡೆಯಂತೆ ತಂತ್ರಜ್ಞಾನ ಎಂದರೆ ಮೊದಲು ಕಣ್ಣಿಗೆ ಬರುವುದು ಗೋಡೆಗೆ ಹೊಡೆದ ದೊಡ್ಡ ಟಿವಿ, ಅದರ ಮುಂದೆ ರಿಬ್ಬನ್ ಕತ್ತರಿಸುವ ಫೋಟೊ. ಪರದೆ ಬೇಡವೆಂದು ನಾನು ಹೇಳುತ್ತಿಲ್ಲ. ಯಾವ ಮಗು ಓದಿನಲ್ಲಿ ಎಲ್ಲಿ ನಿಂತಿದೆ ಎಂಬುದನ್ನು ಶಿಕ್ಷಕರ ಕಣ್ಣೆದುರು ಇಡುವುದು ತಂತ್ರಜ್ಞಾನದ ಮೊದಲ ಕೆಲಸವಾಗಬೇಕು, ಪಾಠ ತೋರಿಸುವುದು ಅದರ ನಂತರದ್ದು ಎಂಬುದಷ್ಟೇ ನನ್ನ ವಾದ. ಮಕ್ಕಳ ಆ ಪಟ್ಟಿ ಕೈಯಲ್ಲಿದ್ದರೆ ಶಿಕ್ಷಕರ ಹಳೆಯ ಮೊಬೈಲೇ ಸಾಕಷ್ಟು ದುಡಿಯುತ್ತದೆ.

ಪರದೆಯಿಂದ ಆರಂಭಿಸಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಕಾಲು ಶತಮಾನದ ಅನುಭವವಿದೆ. 2001ರ ಸುಮಾರಿಗೆ ಬಂದ ಮಾಹಿತಿ ಸಿಂಧು ಯೋಜನೆ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಮುಟ್ಟಿಸಲು ಹೊರಟಿತು. ಯಂತ್ರವೂ ಖಾಸಗಿ ಕಂಪನಿಯದು, ಕಲಿಸುವವರೂ ಅವರ ಕಡೆಯವರೇ. ಶಾಲೆಯ ಗಣಿತದ ಗುರುಗಳಿಗೂ ಆ ಕೋಣೆಗೂ ಸಂಬಂಧವೇ ಬೆಳೆಯದಂಥ ಏರ್ಪಾಡು ಅದು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಆಕಾಶದಿಂದ ಪಾಠ ಇಳಿಯಿತು. ಅದೇ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೂ ಹಳ್ಳಿ ಶಾಲೆಗಳಲ್ಲಿ ಕಂಪ್ಯೂಟರ್ ಆಧಾರಿತ ಕಲಿಕೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ನೋಡಿ, ಕೊನೆಗೆ ಅದನ್ನು ಬದಿಗಿಟ್ಟು ಶಿಕ್ಷಕರನ್ನು ಬೆಳೆಸುವ ಕೆಲಸಕ್ಕೆ ತಿರುಗಿತು. ಐಟಿ ಉದ್ಯಮಿಯೊಬ್ಬರ ಹಣದಿಂದ ನಡೆಯುವ ಸಂಸ್ಥೆಯೇ ಕಂಪ್ಯೂಟರಿಗೆ ಇಷ್ಟೇ ಶಕ್ತಿ ಎಂದು ಒಪ್ಪಿಕೊಂಡಿದ್ದು ಸಣ್ಣ ಮಾತಲ್ಲ. ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಕೆಂಟಾರೋ ಟೊಯಾಮಾ ಕೂಡ ಇಂಥದೇ ತೀರ್ಮಾನಕ್ಕೆ ಬಂದರು. ಒಂದೇ ಕಂಪ್ಯೂಟರಿಗೆ ಮಕ್ಕಳು ಮುಗಿಬೀಳುವುದನ್ನು ಕಂಡು ಒಂದು ಯಂತ್ರಕ್ಕೆ ಹಲವು ಮೌಸ್ ಜೋಡಿಸುವ ಉಪಾಯ ಹುಡುಕಿದ ತಂಡ ಅವರದು. ಶಾಲೆಯಲ್ಲಿ ಮೊದಲೇ ಇರುವ ಶಕ್ತಿಯನ್ನು ತಂತ್ರಜ್ಞಾನ ಹಿಗ್ಗಿಸುತ್ತದೆ, ಇಲ್ಲದ್ದನ್ನು ತಂದುಕೊಡುವುದಿಲ್ಲ ಎಂದು ಅವರು 2015ರ ತಮ್ಮ ಪುಸ್ತಕದಲ್ಲಿ ವಾದಿಸಿದರು.

ಹೊರಗಿನ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಪೆರು ದೇಶ ಲಕ್ಷಗಟ್ಟಲೆ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು. 319 ಹಳ್ಳಿ ಶಾಲೆಗಳನ್ನು ಹೋಲಿಸಿ ನೋಡಿದ ಸಂಶೋಧಕರಿಗೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಹೆಚ್ಚಿನ ಕಲಿಕೆ ಕಾಣಲಿಲ್ಲ. ದಿಲ್ಲಿಯಲ್ಲಿ ಮಾತ್ರ ಫಲಿತಾಂಶ ಬೇರೆಯಾಗಿತ್ತು. ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶ ಬಳಸಿ ಶಾಲೆ ಬಿಟ್ಟ ಮೇಲೆ ನಡೆಸಿದ ತರಗತಿಗಳಲ್ಲಿ ನಾಲ್ಕೂವರೆ ತಿಂಗಳಿಗೇ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಎದ್ದು ಕಾಣುವಷ್ಟು ಮುಂದೆ ಹೋದರು. ಎರಡೂ ಕಡೆ ಇದ್ದದ್ದು ಕಂಪ್ಯೂಟರೇ. ಆದರೆ ದಿಲ್ಲಿಯ ತಂತ್ರಾಂಶ ಮೊದಲು ಮಗುವನ್ನು ಪರೀಕ್ಷಿಸಿ, ಅದು ಎಲ್ಲಿ ನಿಂತಿದೆಯೋ ಅಲ್ಲಿಂದ ಲೆಕ್ಕ ಕೊಡುತ್ತಿತ್ತು. ಜೊತೆಗೆ ಸಣ್ಣ ಗುಂಪಿಗೆ ಪಾಠ ಹೇಳುವ ಒಬ್ಬ ಬೋಧಕರೂ ಇದ್ದರು. ಅಲ್ಲಿಯ ಆರನೇ ತರಗತಿ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರೆಂದು ಅದೇ ಅಧ್ಯಯನ ತೋರಿಸಿತು. ಹಾಗೆ ಹಿಂದೆ ಬಿದ್ದ ಮಗುವಿಗೆ ಆರನೇ ತರಗತಿಯ ಪಾಠವನ್ನು ಎಷ್ಟು ಬಣ್ಣಬಣ್ಣದ ವಿಡಿಯೊದಲ್ಲಿ ತೋರಿಸಿದರೂ ತಲೆಗೆ ಹತ್ತುವುದು ಹೇಗೆ?

ನಮ್ಮ ಸ್ಥಿತಿ ಇದಕ್ಕಿಂತ ಒಳ್ಳೆಯದೇನೂ ಅಲ್ಲ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕರ್ನಾಟಕದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇ 46ರಷ್ಟಿದ್ದರು; ಕೊರೊನಾ ಕಳೆದ ಮೇಲೆ, 2022ರಲ್ಲಿ ಅದು ಶೇ 30ರ ಆಸುಪಾಸಿಗೆ ಇಳಿಯಿತು. ಕೊರೊನಾದ ಎರಡು ವರ್ಷ ಸರ್ಕಾರ ಚಂದನ ವಾಹಿನಿಯಲ್ಲಿ ಪಾಠ ಬಿತ್ತರಿಸಿತು, ವಿದ್ಯಾಗಮ ಎಂದು ಶಿಕ್ಷಕರನ್ನು ಓಣಿಗಳಿಗೆ ಕಳಿಸಿತು. ಇವುಗಳಲ್ಲಿ ಮಗುವಿನ ಎದುರು ಕೂತು ಅದರ ತಪ್ಪನ್ನು ಕಾಣುವ ಅವಕಾಶ ಇದ್ದದ್ದು ವಿದ್ಯಾಗಮದಲ್ಲಿ. ಸೋಂಕಿನ ಭಯಕ್ಕೆ ಅದೂ 2020ರ ಅಕ್ಟೋಬರಿನಲ್ಲಿ ನಿಂತಿತು.

ಪಟ್ಟಿ ಎಂದೆನಲ್ಲ, ಅದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಜೂನ್‌ನಲ್ಲಿ ಶಾಲೆ ತೆರೆದಾಗ ಸೇತುಬಂಧ ಪರೀಕ್ಷೆ ಹೇಗೂ ನಡೆಯುತ್ತದೆ. ಆ ಉತ್ತರ ಪತ್ರಿಕೆಗಳು ಅಂಕವಾಗಿ ಕಡತ ಸೇರಿದರೆ ಅಲ್ಲಿಗೆ ಮುಗಿಯಿತು. ಅದರ ಬದಲು ಐದನೇ ತರಗತಿಯ ಅಕ್ಕೋರು ಒಂದು ಎಕ್ಸೆಲ್ ಹಾಳೆಯಲ್ಲಿ ಎಡಕ್ಕೆ ಮಕ್ಕಳ ಹೆಸರು, ಮೇಲೆ ಒಂದೊಂದು ಕೌಶಲ ಬರೆದುಕೊಳ್ಳುತ್ತಾರೆ ಎನ್ನಿ: ಒತ್ತಕ್ಷರ ಓದುವುದು, ಒಂದು ಪ್ಯಾರಾ ಓದಿ ಹೇಳುವುದು, ದಶಕ ತೆಗೆದುಕೊಂಡು ಕಳೆಯುವುದು, ಭಾಗಾಕಾರ. ಬರುವುದಕ್ಕೆ ಹಸಿರು, ಬಾರದ್ದಕ್ಕೆ ಕೆಂಪು. ಮೂವತ್ತು ಮಕ್ಕಳ ತರಗತಿಯಲ್ಲಿ ಇದು ಎರಡು ಸಂಜೆಯ ಕೆಲಸ. ಹಾಳೆ ತುಂಬಿದ ಮೇಲೆ ಕಾಣುವುದು ಅಂಕಪಟ್ಟಿಯಲ್ಲಿ ಎಂದೂ ಕಾಣದ ಚಿತ್ರ. ಭಾಗಾಕಾರದಲ್ಲಿ ಸೋತ ಹನ್ನೆರಡು ಮಕ್ಕಳಲ್ಲಿ ಎಂಟು ಮಂದಿಗೆ ನಿಜಕ್ಕೂ ಬಾರದಿರುವುದು ಕಳೆಯುವ ಲೆಕ್ಕ ಎಂದು ಅಲ್ಲಿ ಗೊತ್ತಾಗಬಹುದು. ಆಗ ಗೋಡೆಯ ಟಿವಿಗೂ ಒಂದು ಉದ್ಯೋಗ ಸಿಗುತ್ತದೆ: ಲೆಕ್ಕ ಬರುವ ಗುಂಪು ಹದಿನೈದು ನಿಮಿಷ ಅದರ ಮುಂದೆ ಕೂತು ಅಭ್ಯಾಸ ಮಾಡುವಾಗ ಅಕ್ಕೋರು ಈ ಎಂಟು ಮಕ್ಕಳ ನಡುವೆ ಕಡ್ಡಿಗಳ ಕಟ್ಟು ಬಿಚ್ಚಿ ಕೂರಬಹುದು. ಓದಿನ ವಿಷಯದಲ್ಲಿ ಮೊಬೈಲಿನ ಧ್ವನಿಮುದ್ರಣವೇ ಸಾಕು. ಜುಲೈನಲ್ಲಿ ಮಗು ತಡವರಿಸುತ್ತ ಓದಿದ್ದನ್ನು ಮುದ್ರಿಸಿ, ದಸರಾ ರಜೆ ಮುಗಿದ ಮೇಲೆ ಅದೇ ಪ್ಯಾರಾವನ್ನು ಮತ್ತೆ ಓದಿಸಿ ಎರಡನ್ನೂ ತಾಯಿಗೆ ಕೇಳಿಸಿದರೆ, ಓದು ಬಾರದ ತಾಯಿಗೂ ವ್ಯತ್ಯಾಸ ತಿಳಿಯುತ್ತದೆ. ಪ್ರೌಢಶಾಲೆಯಲ್ಲಿ ಜಿಯೋಜೆಬ್ರಾ ಎಂಬ ಉಚಿತ ತಂತ್ರಾಂಶವಿದೆ. ಪರದೆಯ ಮೇಲಿನ ತ್ರಿಭುಜದ ತುದಿಯನ್ನು ಎಳೆದಾಡಿದಷ್ಟೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯೇ. ಕಪ್ಪುಹಲಗೆಯ ಮೇಲೆ ಆಗದ ಕೆಲಸ ಇದು. ಇಂಥ ಕಡೆ ಪರದೆ ತನ್ನ ದುಡ್ಡನ್ನು ತೀರಿಸುತ್ತದೆ. ಇಲಾಖೆ 2011ರ ಆಸುಪಾಸಿನಲ್ಲಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆ ಪ್ರೌಢಶಾಲಾ ಶಿಕ್ಷಕರಿಗೆ ಕಲಿಸಲು ಹೊರಟದ್ದೂ ಇಂಥದ್ದನ್ನೇ. ಶಿಕ್ಷಕರು ತಾವೇ ಪಾಠ ಸಾಮಗ್ರಿ ಮಾಡಿಕೊಂಡು ಹಂಚಿಕೊಳ್ಳುವ ಆ ಹಾದಿ, ಕಂಪನಿಗೆ ಗುತ್ತಿಗೆ ಕೊಡುವುದಕ್ಕಿಂತ ಎಷ್ಟೋ ಮೇಲಾದದ್ದು.

ತರಗತಿಯ ಪಟ್ಟಿಗಳು ಸೇರಿದರೆ ಶಾಲೆಯ ಯೋಜನೆ ತಾನಾಗಿ ಮೂಡುತ್ತದೆ. ಈ ಮೂರು ತಾಲ್ಲೂಕುಗಳ ವರ್ಷದ ಲಯ ಬೆಂಗಳೂರಿನ ವೇಳಾಪಟ್ಟಿಗೆ ಹೊಂದುವಂಥದ್ದಲ್ಲ. ನವೆಂಬರ್ ಹೊತ್ತಿಗೆ ಕಬ್ಬಿನ ಕಟಾವು ಶುರುವಾಗುತ್ತದೆ, ಸಂಕೇಶ್ವರದ ಹಿರಣ್ಯಕೇಶಿಯಿಂದ ಹಿಡಿದು ಘಟಪ್ರಭಾ ಬಯಲಿನ ಕಾರ್ಖಾನೆಗಳವರೆಗೆ ಹಂಗಾಮು ನಡೆಯುತ್ತದೆ. ಮಹಾರಾಷ್ಟ್ರದಿಂದಲೂ ನಮ್ಮದೇ ಬೇರೆ ಜಿಲ್ಲೆಗಳಿಂದಲೂ ಗ್ಯಾಂಗುಗಳು ಮಕ್ಕಳನ್ನು ಕಟ್ಟಿಕೊಂಡು ಬಂದು ಗುಡಿಸಲು ಹಾಕುತ್ತವೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಊರೊಳಗೇ ನೀರು ನುಗ್ಗಿತ್ತು. ಊರ ಜಾತ್ರೆಗಳು ಬೇರೆ. ಕಳೆದ ಮೂರು ವರ್ಷಗಳ ಹಾಜರಿಯನ್ನು ತಿಂಗಳುವಾರು ಒಂದು ಹಾಳೆಗೆ ಇಳಿಸಿದರೆ ಯಾವ ವಾರಗಳಲ್ಲಿ ಬೆಂಚು ಖಾಲಿಯಾಗುತ್ತದೆ ಎಂದು ಮುಖ್ಯ ಗುರುಗಳಿಗೆ ಮೊದಲೇ ತಿಳಿಯುತ್ತದೆ. ಭಿನ್ನರಾಶಿಯಂಥ ಕಷ್ಟದ ಪಾಠವನ್ನು ಆ ವಾರಗಳಿಂದ ಆಚೆಗೆ ಸರಿಸಬಹುದು, ಆ ದಿನಗಳನ್ನು ಪುನರಾವರ್ತನೆಗೆ ಬಿಡಬಹುದು. ವಲಸೆ ಬಂದ ಮಗುವಿನ ವಿದ್ಯಾರ್ಥಿ ಸಂಖ್ಯೆ ರಾಜ್ಯದ ಎಸ್‌ಎಟಿಎಸ್ ಜಾಲತಾಣದಲ್ಲಿದ್ದರೆ ಅದು ಹಿಂದಿನ ಊರಲ್ಲಿ ಯಾವ ತರಗತಿಯಲ್ಲಿತ್ತು ಎಂದು ಇಲ್ಲಿಯವರಿಗೆ ಗೊತ್ತಾಗುತ್ತದೆ. ಏನು ಓದಬಲ್ಲದು ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ದೊಡ್ಡ ಲೋಪ ಇರುವುದು ಇಲ್ಲಿಯೇ. ಎಸ್‌ಎಟಿಎಸ್, ಯುಡೈಸ್ ಪ್ಲಸ್, ಬಿಸಿಯೂಟದ ಲೆಕ್ಕ, ವಾಟ್ಸಾಪಿನಲ್ಲಿ ಸಂಜೆಯೊಳಗೆ ಬೇಕೆಂದು ಬರುವ ನಮೂನೆಗಳು, ಎಲ್ಲ ಮಾಹಿತಿಯೂ ಶಾಲೆಯಿಂದ ಮೇಲಕ್ಕೆ ಹೋಗುತ್ತದೆ. ಕಲಿಸುವವರಿಗೆ ಬೇಕಾದ ರೂಪದಲ್ಲಿ ತಿರುಗಿ ಬರುವುದು ತೀರ ಕಡಿಮೆ. ಕಬ್ಬು ತುಂಬಿಸಿಕೊಂಡು ತೂಕದ ಚೀಟಿ ಕೊಡದ ಕಾರ್ಖಾನೆಯನ್ನು ಈ ಕಡೆಯ ರೈತ ಒಂದು ದಿನವೂ ಸಹಿಸುವುದಿಲ್ಲ. ಶಿಕ್ಷಕರು ಮಾತ್ರ ಆ ಚೀಟಿ ಇಲ್ಲದೆ ವರ್ಷಗಟ್ಟಲೆ ತುಂಬಿ ಕಳಿಸುತ್ತಿದ್ದಾರೆ. ಆದ್ದರಿಂದ, ಇನ್ನೂ ಒಂದು ಪಟ್ಟಿಯೇ, ಕಲಿಸಲು ಹೊತ್ತೆಲ್ಲಿ ಎಂದು ಅವರು ಕೇಳಿದರೆ ಆ ಸಿಟ್ಟು ನ್ಯಾಯವಾದದ್ದು. ನನ್ನ ಉತ್ತರ: ಕಲಿಕೆಯ ಪಟ್ಟಿ ಮೇಲಕ್ಕೆ ಹೋಗಲೇಬಾರದು. ಅದು ತರಗತಿಯಲ್ಲೇ ಇರಲಿ, ಅದಕ್ಕೆ ತಪಾಸಣೆ ಬೇಡ, ಶ್ರೇಯಾಂಕ ಬೇಡ. ಮೇಲಿನವರು ನೋಡುತ್ತಾರೆ ಎಂದಾದ ಮರುದಿನವೇ ಕೆಂಪೆಲ್ಲ ಹಸಿರಾಗುತ್ತದೆ. ಇದು ಊಹೆಯ ಮಾತಲ್ಲ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದಾಗ ರಾಜ್ಯದ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಕುಸಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಹಿಂದಿನ ಹಸಿರಿನಲ್ಲಿ ಎಷ್ಟು ಬಣ್ಣ ಬಳಿದದ್ದಿತ್ತು ಎಂದು ಕ್ಯಾಮೆರಾ ಹೇಳಿತು. ಆದರೆ ಹತ್ತನೇ ತರಗತಿಯ ಕೊನೆಯ ದಿನ ಗೊತ್ತಾದರೆ ಯಾರಿಗೆ ಉಪಯೋಗ? ಅದು ಐದನೇ ತರಗತಿಯ ಜುಲೈನಲ್ಲೇ ತಿಳಿಯಬೇಕಿತ್ತು.

ಶಿಕ್ಷಕರೇ ಇಲ್ಲದ ಕಡೆ ವಿಡಿಯೊ ಪಾಠವಾದರೂ ಇರಲಿ ಎಂಬುದು ಗಟ್ಟಿಯಾದ ಇನ್ನೊಂದು ಆಕ್ಷೇಪ. ಖಾಲಿ ಹುದ್ದೆಗಳ ನೋವು ಗಡಿ ಸೀಮೆಗೆ ಚೆನ್ನಾಗಿ ಗೊತ್ತು. ಆದರೆ ಗುಜರಾತಿನಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆನಪಿಡಬೇಕಾದದ್ದು: ಒಂದೇ ತಂತ್ರಾಂಶವನ್ನು ಶಾಲೆಯ ಅವಧಿಯಲ್ಲಿ ಶಿಕ್ಷಕರ ಪಾಠದ ಬದಲು ಬಳಸಿದಾಗ ಮಕ್ಕಳ ಗಣಿತ ಕೆಟ್ಟಿತು, ಶಾಲೆ ಬಿಟ್ಟ ಮೇಲೆ ಪಾಠದ ಜೊತೆಗೆ ಬಳಸಿದಾಗ ಸುಧಾರಿಸಿತು. ಟಿವಿ ಇದೆಯಲ್ಲ ಎಂದು ಹುದ್ದೆ ತುಂಬುವುದನ್ನು ಮುಂದೂಡಿದರೆ ಪರದೆಯೇ ಮಕ್ಕಳಿಗೆ ಹಾನಿ ಮಾಡಿದಂತೆ. ಇನ್ನು ಸ್ಮಾರ್ಟ್ ಕ್ಲಾಸ್ ಇದ್ದರೆ ದಾಖಲಾತಿ ಏರುತ್ತದೆ, ಮಕ್ಕಳು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ಬಸ್ಸು ಹತ್ತುವುದು ನಿಲ್ಲುತ್ತದೆ ಎನ್ನುವವರಿದ್ದಾರೆ. ಒಂದು ವರ್ಷ ಏರೀತು. ಎರಡನೇ ವರ್ಷ ತಂದೆತಾಯಿ ನೋಡುವುದು ಮಗು ಓದುತ್ತದೆಯೇ ಎಂದು.

ಗಡಿಯಾಚೆಯ ಒಂದು ಉದಾಹರಣೆ ಇಲ್ಲಿ ಹೆಚ್ಚು ಬೆಳಕು ಕೊಡುತ್ತದೆ. ಕನ್ನಡಿಗರು ಬಹಳ ಮಂದಿ ಇರುವ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಂಜಿತ್‌ಸಿಂಹ ಡಿಸಳೆ 2020ರಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದು, ಅರ್ಧ ಹಣವನ್ನು ಉಳಿದ ಒಂಬತ್ತು ಸ್ಪರ್ಧಿಗಳಿಗೆ ಹಂಚಿದರು. ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿದವರು ಎಂದೇ ಪತ್ರಿಕೆಗಳು ಅವರನ್ನು ಕೊಂಡಾಡಿದವು. ಆದರೆ ಪ್ರಶಸ್ತಿ ಕೊಟ್ಟವರ ವಿವರಣೆಯಲ್ಲಿ ಕೋಡ್‌ಗಿಂತ ಮೊದಲು ಬರುವ ಸಂಗತಿ ಬೇರೆ: ಮಕ್ಕಳ ಮನೆಮಾತು ಪಠ್ಯದ ಭಾಷೆಯಲ್ಲ ಎಂದು ಗುರುತಿಸಿ, ಆ ಮಾತನ್ನು ತಾವು ಕಲಿತು, ಪುಸ್ತಕವನ್ನು ಅದಕ್ಕೆ ತಿರುಗಿಸಿದ್ದು. ಮಗು ಎಲ್ಲಿ ಎಡವುತ್ತಿದೆ ಎಂಬುದು ಮೊದಲು, ಕೋಡ್ ಆಮೇಲೆ. ಈಗ ನಮ್ಮ ಪಠ್ಯಪುಸ್ತಕಗಳಲ್ಲೂ ದೀಕ್ಷಾ ವೇದಿಕೆಯ ಕ್ಯೂಆರ್ ಕೋಡ್‌ಗಳಿವೆ. ಹುಕ್ಕೇರಿ ಕಡೆ ಮರಾಠಿ, ಉರ್ದು ಮನೆಮಾತಿನ ಮಕ್ಕಳೂ ಕನ್ನಡ ಶಾಲೆಯಲ್ಲಿ ಕೂರುತ್ತಾರೆ. ಕೋಡ್ ತೆರೆದರೆ ಬರುವ ಶಿಷ್ಟ ಕನ್ನಡದ ವಿಡಿಯೊ ಆ ಮಗುವಿಗೆ ಎಷ್ಟು ತಿಳಿಯಿತು ಎಂದು ಹೇಳಬಲ್ಲವರು ಪಕ್ಕದಲ್ಲಿ ನಿಂತ ಶಿಕ್ಷಕರು ಮಾತ್ರ.

ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಬಿಲ್ಲಿನ ಚಿಂತೆ ಅಷ್ಟರಮಟ್ಟಿಗೆ ಹಗುರವಾಯಿತು. ಶಿಕ್ಷಣ ಹಕ್ಕು ಕಾಯ್ದೆ ಶಾಲೆಯ ಅಭಿವೃದ್ಧಿ ಯೋಜನೆ ಮಾಡುವ ಅಧಿಕಾರವನ್ನು ಶಾಲಾ ಸಮಿತಿಗೇ ಕೊಟ್ಟಿದೆ, ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು ಎಂದೂ ಹೇಳಿದೆ. ಹಾಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲಾ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯರಲ್ಲಿ ಒಂದು ವಿನಂತಿ: ಮುಂದಿನ ಸಭೆಯಲ್ಲಿ ಟಿವಿ ಎಷ್ಟು ಇಂಚಿನದು ಎಂದು ಕೇಳುವ ಮುಂಚೆ, ಐದನೇ ತರಗತಿಯಲ್ಲಿ ಒಂದು ಪ್ಯಾರಾ ಓದಲು ಬಾರದ ಮಕ್ಕಳು ಎಷ್ಟು, ದೀಪಾವಳಿಯೊಳಗೆ ಅವರಿಗಾಗಿ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರ ಕೊಡಲು ಗುರುಗಳಿಗೆ ಒಂದು ಲ್ಯಾಪ್‌ಟಾಪ್ ಬೇಕಾದರೆ, ಊರಿನ ಹಣ ಮೊದಲು ಅದಕ್ಕೆ ಹೋಗಲಿ.