ಕೊಂಡವರ ತಪ್ಪೋ, ಬಂದವನ ತಪ್ಪೋ?

ಇಂಗ್ಲೆಂಡಿನಲ್ಲಿ ಕಾಲ್ಚೆಂಡಾಟವು ಬರಿಯ ಆಟವಾಗಿ ಉಳಿಯದೆ ಊರಿನ ಅಭಿಮಾನದ ಸಂಗತಿಯಾಗಿ ಬೆಳೆದಿದೆ. ತಂದೆ ಬೆಂಬಲಿಸಿದ ಕ್ಲಬ್ಬನ್ನೇ ಮಗನೂ ಮೊಮ್ಮಗನೂ ಬೆಂಬಲಿಸುವುದು ಅಲ್ಲಿಯ ವಾಡಿಕೆ. ಅಂಥ ಅಭಿಮಾನಿಗಳು ನಾಲ್ವರು ಸೇರಿದ ಕಡೆ ಒಂದು ವಾದವು ತಪ್ಪದೆ ಹುಟ್ಟುತ್ತದೆ: ನಮ್ಮ ಕ್ಲಬ್ಬು ಇದುವರೆಗೆ ಕರೆತಂದ ಆಟಗಾರರಲ್ಲಿ ಅತ್ಯಂತ ನಷ್ಟದ ಆಯ್ಕೆ ಯಾವುದು? ಹಿರಿಯರು ತಮ್ಮ ಕಾಲದ ಹೆಸರೊಂದನ್ನು ಹೇಳಿದರೆ ಕಿರಿಯರು ತಮ್ಮ ಕಾಲದ್ದನ್ನು ಮುಂದಿಡುತ್ತಾರೆ. ಒಬ್ಬನು ಕೊಟ್ಟ ಬೆಲೆಯನ್ನು ಎತ್ತಿ ಆಡುತ್ತಾನೆ. ಮತ್ತೊಬ್ಬನು ಗೋಲುಗಳನ್ನು ಎಣಿಸುತ್ತಾನೆ. ಮೂರನೆಯವನು ಆಟಗಾರನ ಸೋಮಾರಿತನವನ್ನು ನೆನೆಯುತ್ತಾನೆ. ಗೆದ್ದ ಪಂದ್ಯಗಳಿಗಿಂತ ಈ ನೆನಪುಗಳೇ ಹಸಿರಾಗಿ ಉಳಿದಿರುವುದು ಸೋಜಿಗವೇ ಸರಿ.

ಮೇಲುನೋಟಕ್ಕೆ ಇದು ಹೊತ್ತು ಕಳೆಯುವ ಹರಟೆಯಂತೆ ಕಾಣುತ್ತದೆ. ಆದರೆ ಅದರೊಳಗೆ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ. ಜನರ ಪ್ರೀತಿಯಿಂದಲೂ ಅವರು ತೆತ್ತ ಟಿಕೆಟ್ಟಿನ ಹಣದಿಂದಲೂ ಬೆಳೆದ ಸಂಸ್ಥೆಯಲ್ಲಿ ದುಡ್ಡು ಪೋಲಾದಾಗ ಆ ನಷ್ಟವನ್ನು ಯಾರ ಹೆಸರಿಗೆ ಬರೆಯಬೇಕು? ಅಭಿಮಾನಿಗೆ ಆಟಗಾರನನ್ನು ಆರಿಸುವ ಅಧಿಕಾರವಿಲ್ಲ, ಬೆಲೆಯನ್ನು ಒಪ್ಪುವ ಬಿಡುವ ಅಧಿಕಾರವೂ ಇಲ್ಲ. ಅವನ ಪಾಲಿಗೆ ಉಳಿದಿರುವುದು ಈ ವಾದವೊಂದೇ. ಇದು ಅವನು ನಡೆಸುವ ಲೆಕ್ಕ ತಪಾಸಣೆ ಎಂದರೂ ಸಲ್ಲುತ್ತದೆ. ಲೆಕ್ಕ ತಪಾಸಣೆ ಎಂದ ಮೇಲೆ ಅದು ನ್ಯಾಯವಾಗಿರುವುದೂ ಅವಶ್ಯ. ಏಕೆಂದರೆ ಇಲ್ಲಿ ಖರ್ಚಿನ ಬಾಬಿನಲ್ಲಿ ಬರೆಯಲ್ಪಡುವುದು ಒಬ್ಬ ಮನುಷ್ಯನ ಹೆಸರು.

ಆಟಗಾರನ ‘ಖರೀದಿ’ ಎಂದರೇನೆಂಬುದನ್ನು ಮೊದಲು ಅರಿತುಕೊಳ್ಳುವುದು ಒಳ್ಳೆಯದು. ವೃತ್ತಿಪರ ಆಟಗಾರನು ಒಂದು ಕ್ಲಬ್ಬಿನೊಡನೆ ಇಂತಿಷ್ಟು ವರ್ಷಗಳಿಗೆಂದು ಒಪ್ಪಂದ ಮಾಡಿಕೊಂಡಿರುತ್ತಾನೆ. ಆ ಅವಧಿ ಮುಗಿಯುವ ಮುನ್ನ ಬೇರೊಂದು ಕ್ಲಬ್ಬು ಅವನನ್ನು ಬಯಸಿದರೆ ಮೊದಲಿನ ಕ್ಲಬ್ಬಿಗೆ ವರ್ಗಾವಣೆಯ ಹಣವನ್ನು ತೆರಬೇಕಾಗುತ್ತದೆ. ಅವಧಿ ಮುಗಿದ ಮೇಲೂ ಹೀಗೆ ಹಣ ಕೇಳುವ ಪದ್ಧತಿಯನ್ನು ಐರೋಪ್ಯ ನ್ಯಾಯಾಲಯವು ೧೯೯೫ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಆಟಗಾರ ಬೋಸ್ಮನ್ ಅವರ ವ್ಯಾಜ್ಯದಲ್ಲಿ ತಡೆಯಿತು. ೨೦೦೨-೦೩ರ ಋತುವಿನಿಂದ ಇಂಗ್ಲೆಂಡಿನ ಉನ್ನತ ದರ್ಜೆಯಲ್ಲಿ ಈ ವ್ಯವಹಾರವೆಲ್ಲ ಬೇಸಗೆಯಲ್ಲೊಮ್ಮೆ, ಜನವರಿಯಲ್ಲೊಮ್ಮೆ ಮಾತ್ರ ನಡೆಯತಕ್ಕದ್ದೆಂಬ ನಿಯಮವೂ ಬಂತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ವರ್ಗಾವಣೆಯ ಹಣ ಸಲ್ಲುವುದು ಮಾರುವ ಕ್ಲಬ್ಬಿಗೆ. ಅದನ್ನು ಗೊತ್ತುಮಾಡುವವರು ಎರಡು ಕ್ಲಬ್ಬುಗಳ ಆಡಳಿತಗಾರರು. ಆಟಗಾರನು ಒಪ್ಪಿಕೊಳ್ಳುವುದು ತನ್ನ ವೇತನವನ್ನು. ಆದರೂ ಬೆಲೆಯ ಚೀಟಿ ನೇತಾಡುವುದು ಅವನ ಕೊರಳಿನಲ್ಲೇ.

ಈ ವಾದಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ೧೯೦೫ರ ಫೆಬ್ರವರಿಯಲ್ಲಿ ಮಿಡಲ್ಸ್‌ಬರೋ ಕ್ಲಬ್ಬು ಸಂಡರ್ಲೆಂಡಿನಿಂದ ಆಲ್ಫ್ ಕಾಮನ್ ಎಂಬ ಮುಂಚೂಣಿಯ ಆಟಗಾರನನ್ನು ೧,೦೦೦ ಪೌಂಡು ಕೊಟ್ಟು ತಂದಿತು. ಒಬ್ಬ ಆಟಗಾರನಿಗೆ ಅಷ್ಟು ಹಣವನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಆಟವು ಹಣದ ಚೀಲಕ್ಕೆ ಮಾರಿಹೋಯಿತೆಂದು ಆಕ್ಷೇಪಗಳೆದ್ದವು. ಆದರೆ ಕಾಮನ್ ತಮ್ಮ ಮೊದಲ ಪಂದ್ಯದಲ್ಲೇ ಶೆಫೀಲ್ಡ್ ಯುನೈಟೆಡ್ ವಿರುದ್ಧ ಪೆನಾಲ್ಟಿಯಿಂದ ಗೋಲು ಗಳಿಸಿದರು. ಸುಮಾರು ಎರಡು ವರ್ಷಗಳಿಂದ ಪರಸ್ಥಳದಲ್ಲಿ ಗೆಲುವನ್ನೇ ಕಾಣದಿದ್ದ ತಂಡವು ಅಂದು ಗೆದ್ದಿತು, ಮೊದಲ ದರ್ಜೆಯಲ್ಲಿಯೂ ಉಳಿದುಕೊಂಡಿತು. ಬೆಲೆ ದೊಡ್ಡದಾದ ಮಾತ್ರಕ್ಕೆ ಆಯ್ಕೆ ಕೆಟ್ಟದ್ದೆಂದು ಹೇಳಲಾಗದೆಂಬುದಕ್ಕೆ ಇದೇ ಮೊದಲ ಸಾಕ್ಷಿ.

ಬೆಲೆಯೇ ಇಲ್ಲದೆ ಹೆಸರು ಕೆಟ್ಟ ನಿದರ್ಶನವೂ ಉಂಟು. ೧೯೯೬ರ ನವೆಂಬರಿನಲ್ಲಿ ಸೌತಾಂಪ್ಟನ್ ಕ್ಲಬ್ಬಿನ ಮ್ಯಾನೇಜರ್ ಗ್ರೇಮ್ ಸೂನೆಸ್ ಅವರಿಗೆ, ಹಿಂದಿನ ವರ್ಷವಷ್ಟೇ ಯುರೋಪಿನ ಶ್ರೇಷ್ಠ ಆಟಗಾರನೆಂದು ಪ್ರಶಸ್ತಿ ಪಡೆದಿದ್ದ ಜಾರ್ಜ್ ವೇಯಾ ಅವರ ಹೆಸರಿನಲ್ಲಿ ಒಂದು ಶಿಫಾರಸು ಬಂತು. ಸೆನೆಗಲ್ ದೇಶದ ಅಲಿ ಡಿಯಾ ಎಂಬವರು ವೇಯಾರ ಬಂಧುವೆಂದೂ ಒಳ್ಳೆಯ ಆಟಗಾರನೆಂದೂ ಅದರಲ್ಲಿ ಹೇಳಲಾಗಿತ್ತು. ಮಾತನಾಡಿದವರು ವೇಯಾ ಆಗಿರಲಿಲ್ಲ. ಡಿಯಾರನ್ನು ಪರೀಕ್ಷಿಸಲು ಗೊತ್ತುಮಾಡಿದ್ದ ಮೀಸಲು ತಂಡದ ಪಂದ್ಯವು, ಮೈದಾನದಲ್ಲಿ ನೀರು ನಿಂತ ಕಾರಣ ನಡೆಯಲಿಲ್ಲ. ಹೀಗಿದ್ದರೂ ಒಂದು ತಿಂಗಳ ಒಪ್ಪಂದ ಮಾಡಿಕೊಂಡು, ನವೆಂಬರ್ ೨೩ರಂದು ಲೀಡ್ಸ್ ಯುನೈಟೆಡ್ ವಿರುದ್ಧ, ಗಾಯಗೊಂಡ ಮ್ಯಾಟ್ ಲೆ ಟಿಸಿಯೇ ಅವರ ಬದಲಿಗೆ ಡಿಯಾರನ್ನು ಕಣಕ್ಕಿಳಿಸಲಾಯಿತು. ಪಂದ್ಯ ಮುಗಿಯುವ ಮುನ್ನವೇ ಅವರನ್ನು ಹಿಂದಕ್ಕೆ ಕರೆಸಿಕೊಂಡರು. ತಂಡವು ೦-೨ರಿಂದ ಸೋತಿತು. ಅಂದಿನಿಂದ ಇಂಗ್ಲೆಂಡಿನಲ್ಲಿ ಕೆಟ್ಟ ಆಯ್ಕೆಗಳ ಪಟ್ಟಿ ಮಾಡಿದವರೆಲ್ಲ ಈ ಹೆಸರನ್ನು ತಪ್ಪದೆ ಬರೆಯುತ್ತಾರೆ. ಆದರೆ ಕ್ಲಬ್ಬಿಗೆ ಇದರಿಂದಾದ ಹಣದ ನಷ್ಟ ಅತ್ಯಲ್ಪ. ದೊಡ್ಡ ಹೆಸರೊಂದನ್ನು ಕೇಳಿ, ಕಣ್ಣಾರೆ ಕಾಣದೆ ಒಪ್ಪಿಕೊಂಡುದರ ಫಲವೇ ಇಲ್ಲಿಯ ಕಥೆ. ಆ ಒಪ್ಪಿಗೆ ಆಟಗಾರನದಲ್ಲ, ಕ್ಲಬ್ಬಿನದು.

ಇನ್ನು ದೊಡ್ಡ ಬೆಲೆಯ ಪ್ರಕರಣಕ್ಕೆ ಬಂದರೆ, ಮ್ಯಾಂಚೆಸ್ಟರ್ ಸಿಟಿಯ ಹಿರಿಯ ಅಭಿಮಾನಿಗಳು ಒಕ್ಕೊರಲಿನಿಂದ ಹೇಳುವ ಹೆಸರು ಸ್ಟೀವ್ ಡೇಲಿ. ೧೯೭೯ನೆಯ ವರ್ಷವು ಇಂಗ್ಲಿಷ್ ಕಾಲ್ಚೆಂಡಾಟದಲ್ಲಿ ಬೆಲೆಗಳು ಹುಚ್ಚೆದ್ದು ಏರಿದ ಕಾಲ. ಆ ಫೆಬ್ರವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬು ಟ್ರೆವರ್ ಫ್ರಾನ್ಸಿಸ್ ಅವರನ್ನು ಹತ್ತು ಲಕ್ಷ ಪೌಂಡಿನ ಬೆಲೆಗೆ ಕೊಂಡಿತು. ಫ್ರಾನ್ಸಿಸ್ ಮೇ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ ನಡೆದ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಗೆಲುವಿನ ಗೋಲನ್ನು ಹೊಡೆದು ಆ ಬೆಲೆಯನ್ನು ತೀರಿಸಿಬಿಟ್ಟರು. ಈ ಯಶಸ್ಸು ಉಳಿದವರ ಕಣ್ಣು ಕುಕ್ಕಿರಬೇಕು. ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿಯು ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್‌ನ ಡೇಲಿ ಅವರಿಗಾಗಿ ೧೪,೩೭,೫೦೦ ಪೌಂಡು ತೆತ್ತಿತು. ಬ್ರಿಟನ್ನಿನಲ್ಲಿ ಅದುವರೆಗೆ ಅಷ್ಟು ಬೆಲೆ ಯಾರಿಗೂ ಬಂದಿರಲಿಲ್ಲ.

ಡೇಲಿ ಅಸಮರ್ಥರೇನೂ ಆಗಿರಲಿಲ್ಲ. ಮಧ್ಯರಂಗದ ದುಡಿಮೆಯ ಆಟಗಾರರೆಂದು ಹೆಸರು ಪಡೆದಿದ್ದರು. ಆದರೆ ಅವರು ಬಂದು ಸೇರಿದ ಮನೆ ಸುಸ್ಥಿತಿಯಲ್ಲಿರಲಿಲ್ಲ. ಮ್ಯಾನೇಜರ್ ಮಾಲ್ಕಮ್ ಆಲಿಸನ್ ಅವರು ಗ್ಯಾರಿ ಓವನ್, ಪೀಟರ್ ಬಾರ್ನ್ಸ್, ಏಸಾ ಹಾರ್ಟ್‌ಫರ್ಡ್, ಡೇವ್ ವಾಟ್ಸನ್ ಮೊದಲಾದ ಪಳಗಿದ ಆಟಗಾರರು ತೆರವು ಮಾಡಿದ ಸ್ಥಾನಗಳಲ್ಲಿ ಎಳೆಯರನ್ನು ನಿಲ್ಲಿಸಿ ಹೊಸ ತಂಡ ಕಟ್ಟುವ ಆತುರದಲ್ಲಿದ್ದರು. ಕಂಬಗಳನ್ನು ಕಿತ್ತ ಚಪ್ಪರವನ್ನು ಒಬ್ಬನೇ ಹೆಗಲು ಕೊಟ್ಟು ಹಿಡಿಯಬೇಕೆಂಬಂತಿತ್ತು ಆ ನಿರೀಕ್ಷೆ. ಲೀಗಿನ ೪೮ ಪಂದ್ಯಗಳಲ್ಲಿ ಡೇಲಿ ೪ ಗೋಲು ಗಳಿಸಿದರು. ೧೯೮೧ರಲ್ಲಿ ಕ್ಲಬ್ಬು ಅವರನ್ನು ಅಮೆರಿಕದ ಸಿಯಾಟಲ್ ಸೌಂಡರ್ಸ್ ತಂಡಕ್ಕೆ ಸುಮಾರು ೩ ಲಕ್ಷ ಪೌಂಡಿಗೆ ಬಿಟ್ಟುಕೊಟ್ಟಿತು. ಆ ಬೆಲೆಗೆ ಹೊಣೆ ಯಾರೆಂಬುದರಲ್ಲಿ ಮ್ಯಾನೇಜರ್ ಆಲಿಸನ್ ಅವರ ಮಾತಿಗೂ ಅಧ್ಯಕ್ಷ ಪೀಟರ್ ಸ್ವೇಲ್ಸ್ ಅವರ ಮಾತಿಗೂ ಹೊಂದಿಕೆಯಾಗಲಿಲ್ಲ. ಹೊಣೆಗಾರರು ಒಬ್ಬರನ್ನೊಬ್ಬರು ತೋರಿಸುವಾಗ ಹೆಸರು ಮಾತ್ರ ಡೇಲಿಯವರದೇ ಉಳಿಯಿತು.

ಮಾರಿದವರ ಕಥೆಯನ್ನೂ ಕೇಳಬೇಕು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ನಮ್ಮ ಗಾದೆ ಇಲ್ಲಿ ಅನ್ವಯಿಸೀತೆಂದು ಮೊದಲು ತೋರಿತು. ಡೇಲಿಯವರಿಂದ ಬಂದ ಹಣಕ್ಕೆ ತುಸು ಸೇರಿಸಿ ವಾಂಡರರ್ಸ್ ಕ್ಲಬ್ಬು ಆಸ್ಟನ್ ವಿಲಾದಿಂದ ಆಂಡಿ ಗ್ರೇ ಅವರನ್ನು ತಂದಿತು. ಗ್ರೇ ೧೯೮೦ರ ಲೀಗ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಏಕೈಕ ಗೋಲು ಹೊಡೆದು ಕಪ್ಪನ್ನು ಗೆದ್ದುಕೊಟ್ಟರು. ಇದಕ್ಕಿಂತ ಒಳ್ಳೆಯ ವ್ಯಾಪಾರ ಉಂಟೆ ಎಂದು ಅಭಿಮಾನಿಗಳು ಹಿಗ್ಗಿದರು. ಆದರೆ ಹೊಸ ಪ್ರೇಕ್ಷಕಾಂಗಣದ ಸಾಲ ಮುಂತಾದ ಹೊರೆಗಳಿಂದ ಅದೇ ಕ್ಲಬ್ಬು ೧೯೮೨ರಲ್ಲಿ ಮುಚ್ಚಿಹೋಗುವ ಅಂಚಿಗೆ ಬಂದು ಕಡೆಯ ಗಳಿಗೆಯಲ್ಲಿ ಉಳಿಯಿತು. ೧೯೮೪ರಿಂದ ೧೯೮೬ರವರೆಗೆ ವರ್ಷಕ್ಕೊಂದು ದರ್ಜೆಯಂತೆ ಕುಸಿದು ನಾಲ್ಕನೆಯ ದರ್ಜೆಗೆ ಇಳಿಯಿತು. ಸಂಸ್ಥೆಯ ಏಳುಬೀಳುಗಳನ್ನು ಒಬ್ಬ ಆಟಗಾರನ ಖರೀದಿ ಮಾರಾಟಗಳಿಂದ ಅಳೆಯಲಾಗದೆಂಬುದಕ್ಕೆ ಈ ಜೋಡಿ ವ್ಯವಹಾರವೇ ನಿದರ್ಶನ.

ಬೆಲೆಯು ಹೇಗೆ ಹುಟ್ಟುತ್ತದೆಂಬುದನ್ನು ೨೦೧೧ರ ಜನವರಿ ೩೧ ಚೆನ್ನಾಗಿ ತೋರಿಸಿಕೊಡುತ್ತದೆ. ಅದು ಜನವರಿಯ ವರ್ಗಾವಣೆ ಅವಧಿಯ ಕೊನೆಯ ದಿನ. ಲಿವರ್‌ಪೂಲ್ ಕ್ಲಬ್ಬಿನ ಮುಂಚೂಣಿಯ ಆಟಗಾರ ಫರ್ನಾಂಡೊ ಟೊರೆಸ್ ಅವರನ್ನು ಚೆಲ್ಸಿ ಕ್ಲಬ್ಬು ೫ ಕೋಟಿ ಪೌಂಡಿಗೆ ಕೊಂಡಿತು. ತೆರವಾದ ಸ್ಥಾನಕ್ಕೆ ಲಿವರ್‌ಪೂಲ್ ಅದೇ ದಿನ ನ್ಯೂಕ್ಯಾಸಲ್‌ನ ಆಂಡಿ ಕ್ಯಾರಲ್ ಅವರನ್ನು ೩.೫ ಕೋಟಿಗೆ ತಂದಿತು. ಸಂಜೆಯೊಳಗೆ ಮುಗಿಯುವ ಸಂತೆಯಲ್ಲಿ, ಕೊಳ್ಳುವವನ ಚೀಲದಲ್ಲಿ ಹಣ ತುಂಬಿರುವುದು ಎಲ್ಲರಿಗೂ ಗೊತ್ತಿರುವಾಗ ಬೆಲೆ ಇಳಿಯುವುದುಂಟೆ? ನ್ಯೂಕ್ಯಾಸಲ್ ಕೇಳುವ ಬೆಲೆಗೆ ಒಂದೂವರೆ ಕೋಟಿ ಕೂಡಿಸಿ ಟೊರೆಸ್ ಅವರ ಬೆಲೆಯನ್ನು ಗೊತ್ತುಮಾಡಲಾಗಿತ್ತೆಂದು ಲಿವರ್‌ಪೂಲ್‌ನ ಒಡೆಯ ಜಾನ್ ಹೆನ್ರಿ ಮುಂದೆ ತಿಳಿಸಿದರು. ಎಂದರೆ, ಕ್ಯಾರಲ್ ಅವರ ಮೂರೂವರೆ ಕೋಟಿ ಅವರ ಆಟದ ಬೆಲೆಯೆನ್ನುವುದಕ್ಕಿಂತ ಎರಡು ವ್ಯವಹಾರಗಳ ನಡುವಣ ಲೆಕ್ಕಾಚಾರದ ಫಲವಾಗಿತ್ತು. ಗಾಯಗೊಂಡೇ ಬಂದ ಈ ಇಪ್ಪತ್ತೆರಡರ ತರುಣನು ಲಿವರ್‌ಪೂಲ್ ಪರವಾಗಿ ಲೀಗಿನ ೪೪ ಪಂದ್ಯಗಳಲ್ಲಿ ೬ ಗೋಲು ಗಳಿಸಿದನು. ಪ್ರತಿ ಗೋಲಿಗೆ ಎಷ್ಟು ಲಕ್ಷವಾಯಿತೆಂದು ಅಭಿಮಾನಿಗಳು ಭಾಗಿಸಿ ನೋಡಿದರು. ೨೦೧೨ರ ಎಫ್.ಎ. ಕಪ್ಪಿನ ಉಪಾಂತ್ಯದಲ್ಲಿ ನೆರೆಯ ಎವರ್ಟನ್ ವಿರುದ್ಧ ಗೆಲುವಿನ ಗೋಲು ಹೊಡೆದವನೂ ಅವನೇ ಎಂಬುದು ಆ ಭಾಗಾಕಾರದಲ್ಲಿ ಸೇರಲಿಲ್ಲ.

ಟೊರೆಸ್ ಅವರ ಗತಿಯೂ ವಿಚಿತ್ರವೇ. ಚೆಲ್ಸಿಯಲ್ಲಿ ಲೀಗಿನ ೧೧೦ ಪಂದ್ಯಗಳಲ್ಲಿ ಅವರು ಗಳಿಸಿದ್ದು ೨೦ ಗೋಲು. ಅಂಕಿಗಳನ್ನೇ ನೆಚ್ಚಿದವರು ಅವರನ್ನು ನಷ್ಟದ ಆಯ್ಕೆಯೆನ್ನುತ್ತಾರೆ. ಆದರೆ ೨೦೧೨ರ ಏಪ್ರಿಲಿನಲ್ಲಿ ಬಾರ್ಸಿಲೋನದ ಅಂಗಣದಲ್ಲಿ, ಚಾಂಪಿಯನ್ಸ್ ಲೀಗಿನ ಉಪಾಂತ್ಯದ ಕಡೆಯ ಕ್ಷಣಗಳಲ್ಲಿ ಒಬ್ಬಂಟಿಯಾಗಿ ಓಡಿ ಗೋಲು ಹೊಡೆದವರು ಅವರು. ಆ ವರ್ಷ ಚೆಲ್ಸಿಯು ಮೊದಲ ಬಾರಿಗೆ ಆ ಕಿರೀಟವನ್ನು ಧರಿಸಿತು. ಒಂದು ಸಂಜೆಯ ಆ ಸಂತೋಷಕ್ಕೆ ಬೆಲೆ ಕಟ್ಟುವ ಬಗೆ ಹೇಗೆ? ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಅದೇ ಜನವರಿ ೩೧ರಂದು, ಅದೇ ಲಿವರ್‌ಪೂಲ್ ಆಡಳಿತವು ಆಯಾಕ್ಸ್ ಕ್ಲಬ್ಬಿನಿಂದ ಲೂಯಿ ಸ್ವಾರೆಜ್ ಅವರನ್ನೂ ತಂದಿತ್ತು. ೨೦೧೩-೧೪ರ ಋತುವಿನಲ್ಲಿ ಸ್ವಾರೆಜ್ ಲೀಗಿನಲ್ಲಿ ೩೧ ಗೋಲು ಗಳಿಸಿದರು. ಕ್ಲಬ್ಬಿನ ಅತ್ಯುತ್ತಮ ಆಯ್ಕೆಗಳಲ್ಲೊಂದೂ ಅತ್ಯಂತ ನಷ್ಟದ ಆಯ್ಕೆಗಳಲ್ಲೊಂದೂ ಒಂದೇ ದಿನ, ಒಂದೇ ಕೈಯ ಸಹಿಯಿಂದ ಆಗಿಹೋದವು.

ಕಾಲವನ್ನು ಮುಂಚಿತವಾಗಿ ಕಡಿದು ತೀರ್ಪು ಕೊಡುವುದೂ ಈ ವಾದದ ದೋಷಗಳಲ್ಲೊಂದು. ಉರುಗ್ವೆಯ ಡಿಯೆಗೊ ಫೋರ್ಲಾನ್ ೨೦೦೨ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದಾಗ ಮೊದಲ ಗೋಲಿಗಾಗಿ ಎಂಟು ತಿಂಗಳು ಕಾಯಬೇಕಾಯಿತು. ನಗೆಪಾಟಲಾದ ಅದೇ ಆಟಗಾರನು ಸ್ಪೇನಿಗೆ ಹೋಗಿ ೨೦೦೫ರಲ್ಲಿಯೂ ೨೦೦೯ರಲ್ಲಿಯೂ ಅಲ್ಲಿಯ ಲೀಗಿನ ಅತ್ಯಧಿಕ ಗೋಲುಗಾರನಾದನು. ೨೦೧೦ರ ವಿಶ್ವಕಪ್ಪಿನಲ್ಲಿ ಶ್ರೇಷ್ಠ ಆಟಗಾರನೆಂದು ಚಿನ್ನದ ಚೆಂಡನ್ನು ಪಡೆದನು. ೨೦೧೬ರಲ್ಲಿ ಮುಂಬಯಿ ಸಿಟಿ ತಂಡಕ್ಕೆ ಆಡಲು ಬಂದುದರಿಂದ ನಮ್ಮ ನಾಡಿನ ಪ್ರೇಕ್ಷಕರಿಗೂ ಆತನನ್ನು ನೋಡುವ ಅವಕಾಶ ದೊರೆಯಿತು. ಅಂತೆಯೇ ಇಟಲಿಯ ಯುವೆಂಟಸ್ ಕ್ಲಬ್ಬಿನಲ್ಲಿ ಅರ್ಧ ಋತುವಿಗೆ ೩ ಗೋಲು ಮಾತ್ರ ಗಳಿಸಿದ ತಿಯರಿ ಹೆನ್ರಿ ೧೯೯೯ರಲ್ಲಿ ಆರ್ಸೆನಲ್ ಸೇರಿದರು. ಅವರನ್ನು ಬಾಲ್ಯದಿಂದ ಬಲ್ಲ ಮ್ಯಾನೇಜರ್ ಆರ್ಸೆನ್ ವೆಂಗರ್ ಅಂಚಿನ ಸ್ಥಾನದಿಂದ ನಡುವಿನ ಸ್ಥಾನಕ್ಕೆ ತಂದು ನಿಲ್ಲಿಸಿದರು. ಹೆನ್ರಿ ಒಟ್ಟು ೨೨೮ ಗೋಲುಗಳೊಡನೆ ಆ ಕ್ಲಬ್ಬಿನ ಇತಿಹಾಸದಲ್ಲೇ ಅಗ್ರಗಣ್ಯರಾದರು. ಒಂದು ತರಗತಿಯಲ್ಲಿ ಮಂಕಾಗಿದ್ದ ಬಾಲಕನು ಮತ್ತೊಬ್ಬ ಗುರುವಿನ ಕೈಯಲ್ಲಿ ಬೆಳಗುವುದನ್ನು ಕಂಡ ಅಧ್ಯಾಪಕರಿಗೆ ಇದು ಆಶ್ಚರ್ಯವೆನಿಸದು.

ಹಾಗಾದರೆ ಇಂಥ ನಷ್ಟಗಳು ಏಕೆ ಮರುಕಳಿಸುತ್ತವೆ? ಸೈಮನ್ ಕೂಪರ್ ಮತ್ತು ಸ್ಟೀಫನ್ ಸಿಮಾನ್‌ಸ್ಕಿ ಅವರು ೨೦೦೯ರಲ್ಲಿ ಪ್ರಕಟಿಸಿದ ‘ಸಾಕರ್‌ನಾಮಿಕ್ಸ್’ ಎಂಬ ಗ್ರಂಥದಲ್ಲಿ ಇದರ ವಿವೇಚನೆಯಿದೆ. ಕ್ಲಬ್ಬುಗಳು ಆಟಗಾರರಿಗೆ ಕೊಡುವ ವೇತನಕ್ಕೂ ಲೀಗಿನಲ್ಲಿ ಅವು ಗಳಿಸುವ ಸ್ಥಾನಕ್ಕೂ ನಿಕಟ ಸಂಬಂಧವಿದ್ದರೆ, ವರ್ಗಾವಣೆಗೆ ಸುರಿಯುವ ಹಣಕ್ಕೂ ಆ ಸ್ಥಾನಕ್ಕೂ ಇರುವ ಸಂಬಂಧ ತೀರ ಸಡಿಲವೆಂದು ಅವರು ತೋರಿಸಿದರು. ಹೊಸ ಮ್ಯಾನೇಜರು ತನ್ನ ಗುರುತು ಮೂಡಿಸಲು ಅವಸರದಿಂದ ಕೊಳ್ಳುವುದು, ವಿಶ್ವಕಪ್ಪಿನ ನಾಲ್ಕಾರು ಪಂದ್ಯಗಳ ಮಿಂಚಿಗೆ ಮರುಳಾಗುವುದು, ಕೋಟಿ ಕೊಟ್ಟು ತಂದವನಿಗೆ ಹೊಸ ನಾಡಿನಲ್ಲಿ ಮನೆ, ಭಾಷೆ, ಮಕ್ಕಳ ಶಾಲೆಗಳ ಏರ್ಪಾಡು ಮಾಡಿಕೊಡದೆ ಕೈಬಿಡುವುದು, ಇವೆಲ್ಲ ಅವರು ಎಣಿಸಿದ ಕಾರಣಗಳು. ಇವುಗಳಲ್ಲಿ ಒಂದಾದರೂ ಆಟಗಾರನ ಕಾಲಿಗೆ ಸಂಬಂಧಿಸಿದ್ದಲ್ಲ.

ಆಟಗಾರನು ಸರ್ವಥಾ ನಿರ್ದೋಷಿ ಎಂದು ಇದರಿಂದ ಹೇಳಿದಂತಾಗಲಿಲ್ಲ. ಅಭ್ಯಾಸಕ್ಕೆ ಉದಾಸೀನ ತೋರಿ, ಮೈಗಳ್ಳನಾಗಿ ವೇತನವನ್ನಷ್ಟೇ ಎಣಿಸುವವನು ನಿಂದೆಗೆ ಅರ್ಹನೇ. ಗೋಲು ಹೊಡೆಯಲಾರದೆ ಬೆವರು ಸುರಿಸಿದವನನ್ನು ಅಭಿಮಾನಿಗಳು ಕ್ಷಮಿಸುತ್ತಾರೆ, ಬೆವರದೆ ನಿಂತವನನ್ನು ಕ್ಷಮಿಸುವುದಿಲ್ಲ. ಇದು ಅವರ ನ್ಯಾಯಬುದ್ಧಿಗೆ ಗುರುತು. ಫೋರ್ಲಾನ್ ಅವರನ್ನೇ ನೋಡಬಹುದು. ೨೦೦೨ರ ಡಿಸೆಂಬರಿನಲ್ಲಿ ಲಿವರ್‌ಪೂಲ್ ಅಂಗಣದಲ್ಲಿ ಹೊಡೆದ ಎರಡು ಗೋಲುಗಳಿಗಾಗಿ ಮ್ಯಾಂಚೆಸ್ಟರಿನ ಜನರು ಆತನ ಹೆಸರಿನ ಹಾಡನ್ನು ಕಟ್ಟಿ, ಆತನು ಹೊರಟುಹೋದ ಎಷ್ಟೋ ವರ್ಷಗಳ ಮೇಲೂ ಹಾಡಿದರು. ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದು ಕಂಡುದು ಜನರ ಹೃದಯದಲ್ಲಿ ಲಾಭವಾಗಿ ಉಳಿಯಿತು.

ಆದುದರಿಂದ ಈ ವಾದವು ನಡೆಯಲಿ. ನಡೆಯುವುದು ಸಂಸ್ಥೆಗೆ ಹಿತಕರವೂ ಹೌದು. ಕೇಳುವವರಿಲ್ಲದ ಕಡೆ ಹಣವು ನೀರಿನಂತೆ ಹರಿದುಹೋಗುತ್ತದೆ. ಆದರೆ ಕೇಳುವಾಗ ಮೊದಲು ಕೇಳತಕ್ಕದ್ದು, ಬೆಲೆಯನ್ನು ಒಪ್ಪಿದವರು ಯಾರು, ಬಂದವನಿಗೆ ತಕ್ಕ ಸ್ಥಾನವನ್ನೂ ಸಾಕಷ್ಟು ಕಾಲವನ್ನೂ ಕೊಟ್ಟರೇ ಎಂಬುದನ್ನು. ಇಷ್ಟಕ್ಕೂ ಉತ್ತರ ದೊರೆತ ಮೇಲೆ ಆಟಗಾರನ ಪಾಲಿನ ತಪ್ಪೆಷ್ಟೆಂದು ತೂಗಿದರೆ ತಕ್ಕಡಿ ಸಮವಾಗಿ ನಿಲ್ಲುತ್ತದೆ. ಆಗ ಡೇಲಿಯವರ ಹೆಸರಿನೊಡನೆ ಅವರನ್ನು ಆ ಬೆಲೆಗೆ ತಂದವರ ಹೆಸರುಗಳನ್ನೂ ಅಭಿಮಾನಿಗಳು ಪಟ್ಟಿಯಲ್ಲಿ ಬರೆಯಬೇಕಾದೀತು.