ಅಂಕಪಟ್ಟಿ ಹೇಳದ ಆಟ

ಕಾಲೇಜು ಪತ್ರಿಕೆಗೆ ಪಂದ್ಯದ ವರದಿ ಬರೆಯಹೊರಟ ವಿದ್ಯಾರ್ಥಿ ಸಾಮಾನ್ಯವಾಗಿ ನಾಣ್ಯ ಚಿಮ್ಮಿದ ಗಳಿಗೆಯಿಂದಲೇ ತೊಡಗುತ್ತಾನೆ. ಗೆದ್ದವರಾರೆಂಬುದು ಕಡೆಯ ಸಾಲಿನವರೆಗೂ ತಿಳಿಯದು. ಕಥೆಗೆ ಈ ಕ್ರಮ ಒಪ್ಪೀತು, ಸುದ್ದಿಗೆ ಒಪ್ಪದು.

1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ನಡೆದುದನ್ನೇ ನೋಡಬಹುದು. ಪಾಕಿಸ್ತಾನದ ಎದುರಿನ ಟೆಸ್ಟ್ ಪಂದ್ಯವನ್ನು ಭಾರತ 212 ರನ್ನುಗಳಿಂದ ಗೆದ್ದಿತು; ಅನಿಲ್ ಕುಂಬ್ಳೆ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಕಿತ್ತರು. ಮೊದಲ ವಾಕ್ಯಕ್ಕೆ ಇಷ್ಟು ಸಾಕು. 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ 53 ರನ್ನಿಗೆ ಹತ್ತು ವಿಕೆಟ್ ಪಡೆದ ಬಳಿಕ ಟೆಸ್ಟಿನಲ್ಲಿ ಈ ಸಾಧನೆ ಎರಡನೆಯದು ಎಂದರೆ ಅದರ ಎತ್ತರ ಓದುಗನಿಗೆ ತಾನಾಗಿ ತಿಳಿಯುತ್ತದೆ. ‘ಅಮೋಘ’, ‘ಅದ್ಭುತ’ಗಳ ಹಂಗೇಕೆ?

ಅನಂತರ ಆಟದ ತಿರುವು. 420ರ ಗುರಿ ಬೆನ್ನಟ್ಟಿದ ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101 ರನ್ ಕೂಡಿಸಿತ್ತು. 207ಕ್ಕೆ ಎಲ್ಲವೂ ಮುಗಿಯಿತು. ಊಟದ ವಿರಾಮದ ಬಳಿಕ ಕುಂಬ್ಳೆ ಬೌಲಿಂಗಿನ ತುದಿಯನ್ನು ಬದಲಿಸಿದ್ದರು. ಸೋತ ಪಕ್ಷದ ಸಯೀದ್ ಅನ್ವರ್ ಹೊಡೆದ 69 ರನ್ನನ್ನೂ ವರದಿ ಮರೆಯಬಾರದು. ತನ್ನ ಕಾಲೇಜೇ ಗೆದ್ದ ದಿನವೂ ಇದೇ ನ್ಯಾಯ.

ಆದರೆ ಅಂದಿನ ಆಟದ ತಿರುಳು ಅಂಕಪಟ್ಟಿಯಲ್ಲಿಲ್ಲ. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡಿದ ಮೈಸೂರಿನ ಜಾವಗಲ್ ಶ್ರೀನಾಥ್, ಹತ್ತನೆಯದು ಗೆಳೆಯನಿಗೇ ಸಲ್ಲಲೆಂದು ಚೆಂಡನ್ನು ಬೇಕೆಂದೇ ವಿಕೆಟ್ಟಿನಿಂದಾಚೆಗೆ ಎಸೆದರು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಉಳಿದುದು ಸೊನ್ನೆ. ಆ ಸೊನ್ನೆಯ ಅರ್ಥ ಮೈದಾನದಲ್ಲಿ ಕಣ್ಣಿಟ್ಟು ಕುಳಿತ ವರದಿಗಾರನಿಗೆ ಮಾತ್ರ ದಕ್ಕುವಂಥದು.

ಬರೆದಾದ ಮೇಲೆ ಹೆಸರು, ಅಂಕಿಗಳನ್ನು ಸ್ಕೋರರ್ ಪುಸ್ತಕದೊಡನೆ ತಾಳೆ ನೋಡಬೇಕು. 74 ಎಂಬುದು 47 ಎಂದು ಅಚ್ಚಾದರೆ ಲೇಕರರ ದಾಖಲೆಯೇ ಮುರಿದುಬಿದ್ದೀತು!